ನೀರಿಗೆ ಅದ್ದದ ಬೆಸುಗೆ

ಜನವರಿ 9

ಅಪ್ಪನಿಗೆ,

ಕಾಗದ ಬರೆಯೋದು ಹೇಗೆ ಅಂತ ಎಂಟನೇ ಕ್ಲಾಸಿನಲ್ಲಿ ಕಲಿಸಿದ್ದರು. ಮೇಲೆ ಬಲಗಡೆಗೆ ಏನೋ ಬರಬೇಕು, ಕೆಳಗೆ ಎಡಗಡೆಗೆ ಇನ್ನೇನೋ. ಮರೆತಿದೆ. ನೀನು ಹೇಗೂ ತಪ್ಪು ಹುಡುಕುತ್ತೀಯ, ಅದಕ್ಕೆ ಅನುಕೂಲ ಆಗಲಿ ಅಂತ ಹೀಗೇ ಶುರು ಮಾಡಿದ್ದೇನೆ.

ಫೋನು ಮಾಡಿದರೆ ನಿನಗೆ ಕೇಳಿಸಲ್ಲ. ಅಕ್ಕನಿಗೆ ಹೇಳಿದರೆ ನನ್ನ ಹತ್ತು ಮಾತಿನಲ್ಲಿ ಅವಳು ನಿನ್ನ ಕಿವಿ ಹತ್ತಿರ ಕೂಗೋದು ಎರಡೇ: ಚೆನ್ನಾಗಿದ್ದಾನಂತೆ, ಊಟ ಆಯ್ತಂತೆ. ಅಷ್ಟಕ್ಕೆ ನಾನು ಯಾಕೆ ಬಾಯಿ ನೋಯಿಸಿಕೊಳ್ಳಲಿ. ಅದಕ್ಕೇ ಈ ಕಾಗದ.

ಹೊರಡೋ ದಿನ ಆಡಿದ ಮಾತು ನೆನಪಿದೆ. ರೇಡಿಯೇಟರ್ ತಗಡು ಬಡಿಯೋ ಕೆಲಸ ನನ್ನಿಂದ ಆಗಲ್ಲ, ಬಡಿದೂ ಬಡಿದೂ ನಿನ್ನ ಹಾಗೆ ಕಿವುಡನಾಗಲ್ಲ ಅಂದೆ. ಅದು ನಿನಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನಿನ್ನ ಮುಖ ನೋಡಿದರೆ ಕೇಳಿಸಿದ ಹಾಗೇ ಇತ್ತು.

ಬ್ಯಾಗು ಬಿಚ್ಚಿದಾಗ ಎರಡು ಅಂಗಿ ಮಧ್ಯೆ ನಿನ್ನ ಬೆಸುಗೆ ತಂತಿಯ ಉಂಡೆ ಸಿಕ್ಕಿತು. ಅರ್ಧ ಕೇಜಿ ಇದೆ. ಯಾವಾಗ ಇಟ್ಟೆ? ಇಟ್ಟಿದ್ದನ್ನು ಹೇಳಬಾರದಿತ್ತಾ? ಬಸ್ಸಿನಲ್ಲಿ ಬ್ಯಾಗು ಎತ್ತುವಾಗ ಕಂಡಕ್ಟರು ಇದರಲ್ಲಿ ಕಲ್ಲು ತುಂಬಿದ್ದೀಯಾ ಅಂದ.

ಇಲ್ಲಿ ಅಂಗಡಿ ಚಿಕ್ಕದು. ಎರಡು ಮೇಜು, ಗೋಡೆ ತುಂಬ ಸತ್ತ ಸಾಮಾನು. ಆಂಪ್ಲಿಫೈಯರು, ತೂಕದ ಯಂತ್ರ, ಬಿಪಿ ನೋಡೋ ಪೆಟ್ಟಿಗೆ, ಮಕ್ಕಳ ಆಟದ ರೈಲು. ಯಜಮಾನರು ಒಳ್ಳೆಯವರು, ಮಾತು ಕಡಿಮೆ. ಹಿರಿಯ ಮೆಕ್ಯಾನಿಕ್ ಒಬ್ಬಮ್ಮ ಇದ್ದಾರೆ. ಹಣೆಗೆ ಭೂತಗನ್ನಡಿ ಕಟ್ಟಿಕೊಂಡೇ ಓಡಾಡುತ್ತಾರೆ, ಅದಕ್ಕೆ ಬೀದಿಯವರೆಲ್ಲ ಅವರನ್ನು ಕರೆಯೋದೂ ಭೂತಗನ್ನಡಿ ಅಂತಲೇ. ಮೊದಲ ದಿನ ನನ್ನ ಕೈಯನ್ನು ಆ ಗಾಜಿನಲ್ಲಿ ನೋಡಿ, "ಈ ಕೈಗೆ ಕುಂಡೆಯಿಲ್ಲ, ಒಂದು ಕಡೆ ಕೂರೋದಿಲ್ಲ" ಅಂದರು.

ಇಲ್ಲಿ ಎರಡು ತಂತಿ. ಕೆಂಪು ಚೀಟಿಯ ಸುರುಳಿಯಲ್ಲಿ ಸೀಸ ಇದೆ, ಬೇಗ ಕರಗುತ್ತೆ. ಅದು ಹಳೇ ರೇಡಿಯೋ, ಆಂಪ್ಲಿಫೈಯರಿಗೆ. ನೀಲಿ ಚೀಟಿಯದು ಸೀಸ ಇಲ್ಲದ್ದು. ಮೈಗೆ ತಾಗೋ ಸಾಮಾನು, ಮಕ್ಕಳ ಸಾಮಾನು ಏನೇ ಬಂದರೂ ಅದೇ ಆಗಬೇಕು. ಎರಡರ ಹೊಟ್ಟೆಯಲ್ಲೂ ರಾಳ ತುಂಬಿರುತ್ತೆ, ಕಾಯಿಸಿದರೆ ಮರದ ಅಂಟಿನ ವಾಸನೆ. ಆ ನೀಲಿ ಚೀಟಿಯದು ಇದೆಯಲ್ಲ, ಅಷ್ಟು ಸೋಮಾರಿ ಲೋಹ ನಾನು ನೋಡಿಲ್ಲ. ಕಾಯಿಸಿ, ಕಾದು, ಮನಸ್ಸಿನಲ್ಲೇ ನಾಲ್ಕು ಎಣಿಸಬೇಕಂತೆ. ನಾನು ಎರಡಕ್ಕೇ ಕೈ ತೆಗೆಯುತ್ತೇನೆ. ಬೆಸುಗೆ ಮಂಕಾಗಿ, ಉಂಡೆ ಕಟ್ಟಿ, ಮುಟ್ಟಿದರೆ ಕಿತ್ತು ಬರುತ್ತೆ. ದಿನಾ ಬೈಸಿಕೊಳ್ಳುತ್ತಿದ್ದೇನೆ.

ಉಂಡೆ ಹಾಸಿಗೆ ಕೆಳಗೆ ಇಟ್ಟಿದ್ದೇನೆ.

ನಿನ್ನ
ಬುಗುರಿ


ಜನವರಿ 21

ಬುಗುರಿಗೆ,

ಕೇಳಿಸಿತ್ತು.

ನೀನು ಹೇಳಿದ ನೀಲಿ ಚೀಟಿ ಕೆಂಪು ಚೀಟಿ ನನಗೆ ಗೊತ್ತಿಲ್ಲ. ಮೂವತ್ತೊಂದು ವರ್ಷದಿಂದ ನಾನು ಹಾಕೋದು ಒಂದೇ ತಂತಿ. ನನ್ನ ಬೆಸುಗೆ ಬಿಟ್ಟುಕೊಂಡಿತು ಅಂತ ಒಬ್ಬ ಡ್ರೈವರೂ ವಾಪಸು ಬಂದಿಲ್ಲ. ಅದಕ್ಕೇ ಇಟ್ಟೆ. ಊರು ಬಿಟ್ಟು ಹೋಗುವವನ ಕೈಯಲ್ಲಿ ಒಂದಾದರೂ ನಂಬೋ ವಸ್ತು ಇರಲಿ ಅಂತ.

ಹೇಳಿ ಇಟ್ಟಿದ್ದರೆ ನೀನು ತೆಗೆದು ಇಟ್ಟು ಹೋಗುತ್ತಿದ್ದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇದಕ್ಕಿಂತ ಜಾಸ್ತಿ ಬರೆದರೆ ಕೈ ನೋಯುತ್ತೆ. ಸುತ್ತಿಗೆ ಹಿಡಿದಾಗ ನೋಯಲ್ಲ.

ಅಪ್ಪ


ಫೆಬ್ರವರಿ 18

ಅಪ್ಪನಿಗೆ,

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ಮೊದಲು ಕಾಗದ ಓದು, ಆಮೇಲೆ ಬಿಚ್ಚು. ನೀನು ಆಗಲೇ ಬಿಚ್ಚಿರುತ್ತೀಯ, ಗೊತ್ತು.

ಹೋದ ವಾರ ಇಲ್ಲಿ ಯಾರೋ ಪುಣ್ಯಾತ್ಮರು ಕಿವಿ ಕ್ಯಾಂಪು ಮಾಡಿದರು. ಎಲ್ಲೋ ದೂರದಿಂದ ಹಳೇ ಕಿವಿ ಪೆಟ್ಟಿಗೆಗಳು ಬಂದಿದ್ದವು. ಅಂಗಿ ಜೇಬಿನಲ್ಲಿ ಇಟ್ಟುಕೊಂಡು, ತಂತಿ ಕಿವಿಗೆ ಸಿಕ್ಕಿಸಿಕೊಳ್ಳೋ ಥರದ್ದು. ನಲವತ್ತೊಂದು ಪೆಟ್ಟಿಗೆ, ಒಂದೂ ಮಾತಾಡುತ್ತಿರಲಿಲ್ಲ. ಎಲ್ಲದರದ್ದೂ ಒಂದೇ ಕಾಯಿಲೆ, ಸೆಲ್ಲು ಕೂರೋ ಜಾಗದಲ್ಲಿ, ತಂತಿ ಸೇರೋ ಜಾಗದಲ್ಲಿ ಬೆಸುಗೆ ಕಿತ್ತಿತ್ತು. ನಾಲ್ಕು ದಿನದಲ್ಲಿ ಆಗಬೇಕು ಅಂತ ಯಜಮಾನರು ಒಪ್ಪಿಕೊಂಡುಬಿಟ್ಟರು. ಅದೇ ವಾರ ಭೂತಗನ್ನಡಿ ಕಣ್ಣಿನ ಆಪರೇಷನ್ನಿಗೆ ರಜೆ. ಹೋಗುವಾಗ ಕೆಂಪು ಚೀಟಿಯ ಸುರುಳಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಂಡು ಹೋದರು. ನನ್ನ ಮೇಲೆ ಅಷ್ಟು ನಂಬಿಕೆ.

ಮೊದಲ ಎರಡು ದಿನ ನೀಲಿ ಚೀಟಿ ಹಾಕಿಕೊಂಡು ಕೂತೆ. ಎರಡು ದಿನಕ್ಕೆ ಒಂಬತ್ತು ಆಯಿತು. ಮೂರನೇ ದಿನ ಬೆಳಿಗ್ಗೆ ನಿನ್ನ ಉಂಡೆ ತಂದೆ.

ಅಪ್ಪ, ಅದು ಹೇಗೆ ಹರಿಯಿತು ಗೊತ್ತಾ. ಕಾದ ಬೆಸುಗೆ ಕಡ್ಡಿಯ ಮೂತಿ ತಾಗಿಸಿದ್ದೇ ತಡ, ಎಲ್ಲಿಗೆ ಹೋಗಬೇಕು ಅಂತ ತಾನೇ ಗೊತ್ತಿದ್ದ ಹಾಗೆ ಹೋಗಿ ಕೂತಿತು. ಒಂದೊಂದು ಬೆಸುಗೆಯೂ ಹೊಸ ಸ್ಟೀಲಿನ ಹಾಗೆ. ಹೊಗೆ ಮೂಗಿಗೆ ಚುರ್ ಅಂತು. ನಮ್ಮ ಶೆಡ್ಡಿನ ವಾಸನೆ. ನಾನು ಬಿಟ್ಟು ಬಂದ ವಾಸನೆ ಅದು, ಆದರೂ ಅವತ್ತು ಯಾಕೋ ಚೆನ್ನಾಗಿತ್ತು. ಎರಡೇ ದಿನದಲ್ಲಿ ಉಳಿದ ಮೂವತ್ತೆರಡೂ ಮುಗಿದವು. ಯಜಮಾನರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಕೈ ಕೂತಿತಲ್ಲೋ" ಅಂದರು. ಅವರು ಹೊಗಳಿದ್ದು ಅದೇ ಮೊದಲು.

ಕ್ಯಾಂಪಿಗೆ ನಾನೂ ಹೋಗಿದ್ದೆ. ಹೆಂಗಸರು, ಮುದುಕರು, ಒಬ್ಬ ಕಟಿಂಗ್ ಶಾಪಿನವನು, ಎಲ್ಲ ಟೋಕನ್ ಹಿಡಿದು ಸಾಲಾಗಿ ಕೂತಿದ್ದರು. ಪೆಟ್ಟಿಗೆ ಹಾಕಿದ ತಕ್ಷಣ ಕೆಲವರು ತಮ್ಮ ದನಿಗೇ ಬೆಚ್ಚಿಬೀಳುತ್ತಿದ್ದರು. ಒಬ್ಬ ಅಜ್ಜಿ ತಮ್ಮ ಚಪ್ಪಲಿ ಸದ್ದು ಕೇಳೋಕೆ ಹಾಲಿನ ಆ ಕಡೆಯಿಂದ ಈ ಕಡೆಗೆ ಮೂರು ಸಲ ನಡೆದರು.

ಒಂದು ಉಳಿಯಿತು. ಆ ಟೋಕನ್ನಿನವರು ಬರಲೇ ಇಲ್ಲ. ಯಜಮಾನರು ನನ್ನ ಕೈಗೆ ಕೊಟ್ಟು, "ನಿಮ್ಮಪ್ಪನಿಗೆ ಕಳಿಸು" ಅಂದರು.

ಈಗ ಬಿಚ್ಚು. ಗುಂಡಿಯನ್ನು ನಿಧಾನಕ್ಕೆ ತಿರುಗಿಸು, ಒಂದೇ ಸಲ ಪೂರ್ತಿ ತಿರುಗಿಸಬೇಡ.

ನಿನ್ನ
ಬುಗುರಿ


ಮಾರ್ಚ್ 3

ಮಗನೇ,

ಒಂದೇ ಸಲ ಪೂರ್ತಿ ತಿರುಗಿಸಿದೆ. ಕುರ್ಚಿಯಿಂದ ಬೀಳೋದಿತ್ತು.

ಅಕ್ಕ ಕೆಲಸ ಮಾಡುತ್ತ ಹಾಡು ಗುನುಗುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ರಾಗ ಇಲ್ಲ. ಆದರೂ ಪರವಾಗಿಲ್ಲ.

ನೀನು ಚಿಕ್ಕವನಿದ್ದಾಗ ಹೇಳುತ್ತಿದ್ದೆ, ಮರೆತಿರುತ್ತೀಯ. ರೇಡಿಯೇಟರಿಗೆ ಗಾಳಿ ಹೊಡೆದು ತೊಟ್ಟಿಯ ನೀರಿಗೆ ಅದ್ದಿದರೆ ದೊಡ್ಡ ತೂತಿನ ಗುಳ್ಳೆ ಕಣ್ಣಿಗೆ ಕಾಣುತ್ತೆ. ಸೂಜಿ ಮೊನೆಯ ತೂತಿನದು ಕಾಣಲ್ಲ, ಅದನ್ನು ಕಿವಿಯಲ್ಲೇ ಹಿಡಿಯಬೇಕು. ನೀರಿನ ಒಳಗೆ ಒಂದು ಇರುವೆ ಶಿಳ್ಳೆ ಹೊಡೆದ ಹಾಗೆ. ಒಂಬತ್ತು ವರ್ಷ ಆಗಿತ್ತು ಕೇಳಿ. ಮೊನ್ನೆ ಒಂದು ಲಾರಿಯದ್ದರಲ್ಲಿ ಕೇಳಿಸಿತು. ಬೆರಳು ಇಟ್ಟೆ, ಅಲ್ಲೇ ಇತ್ತು.

ನನ್ನ ತಂತಿಯಲ್ಲಿ ನೀನು ಮಾಡಿದ ಕೆಲಸ ನನ್ನ ಕಿವಿಯಲ್ಲಿದೆ. ಬಂದ ಡ್ರೈವರುಗಳಿಗೆಲ್ಲ ತೋರಿಸಿದೆ.

ಇವತ್ತು ಕೈ ನೋಯುತ್ತಿಲ್ಲ. ಆದರೂ ಸಾಕು.

ಅಪ್ಪ


ಏಪ್ರಿಲ್ 29

ಅಪ್ಪನಿಗೆ,

ನಿನ್ನ ಪೆಟ್ಟಿಗೆಯನ್ನು ಈ ಕಾಗದ ಸಿಕ್ಕ ದಿನವೇ ಪಾರ್ಸಲ್ ಮಾಡು. ಸೆಲ್ಲು ತೆಗೆದು, ಬಟ್ಟೆಯಲ್ಲಿ ಸುತ್ತಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಮೊದಲು ಇದನ್ನು ಮಾಡು.

ಸೋಮವಾರ ಆ ಕಟಿಂಗ್ ಶಾಪಿನವನು ಬಂದ. ಪೆಟ್ಟಿಗೆ ವಾಪಸು ಕೊಡೋಕೆ ಬಂದದ್ದು, ರಿಪೇರಿಗಲ್ಲ. ತನ್ನ ಕಿವಿ ಪೂರ್ತಿ ಸತ್ತಿದೆ, ಇನ್ನು ಇದು ತನಗೆ ದಂಡ, ಬೇರೆ ಯಾರಿಗಾದರೂ ಕೊಡಿ ಅಂತ ಮೇಜಿನ ಮೇಲೆ ಇಟ್ಟ. ಭೂತಗನ್ನಡಿ ಸ್ಕ್ರೂ ಬಿಚ್ಚಿದರು. ಒಳಗೆ ಹಸಿರು, ಅಪ್ಪ. ಪಾಚಿ ಕಟ್ಟಿದ ಹಾಗೆ. ನಾನು ಹಾಕಿದ್ದ ಬೆಸುಗೆ ಮೇಲೆ ಬಿಳಿ ಪುಡಿ, ಅದರ ಸುತ್ತ ತಾಮ್ರ ತಿಂದುಹೋಗಿ, ಕೂದಲಿನಂಥ ತಂತಿ ಮುಟ್ಟುವ ಮೊದಲೇ ಉದುರಿತು.

ಅವರು ನನ್ನನ್ನು ಬೈಯಲಿಲ್ಲ. ಯಾವ ತಂತಿ ಹಾಕಿದೆ ಅಂತ ಮಾತ್ರ ಕೇಳಿದರು. ನಾನು ಉಂಡೆ ತಂದೆ. ಒಂದು ತುಂಡು ಕತ್ತರಿಸಿ ಕಾಯಿಸಿ ಹೊಗೆ ಮೂಸಿದರು, ಮೂಸಿ ಉಂಡೆಯನ್ನು ದೂರ ಇಟ್ಟರು. ಅದರ ಹೊಟ್ಟೆಯಲ್ಲಿರೋದು ರಾಳವಲ್ಲ, ಆಸಿಡ್ಡು. ರೇಡಿಯೇಟರು, ಪೈಪು, ತಗಡಿನ ಕೆಲಸಕ್ಕೆ ಅಂತಲೇ ಇರೋದು. ತುಕ್ಕನ್ನೂ ಜಿಡ್ಡನ್ನೂ ತಿಂದು ಲೋಹ ಹಸನು ಮಾಡುತ್ತೆ, ಅದಕ್ಕೇ ಅಷ್ಟು ಚೆನ್ನಾಗಿ ಹರಿಯೋದು. ಆದರೆ ತಿನ್ನೋದನ್ನು ಅಲ್ಲಿಗೇ ನಿಲ್ಲಿಸಲ್ಲ. ಅಂಗಿ ಜೇಬಿನ ಬೆವರು ಸೇರಿತು ಅಂದರೆ ಇನ್ನೂ ಜೋರು. ಎಲೆಕ್ಟ್ರಾನಿಕ್ಸಿಗೆ ಅದನ್ನು ಮುಟ್ಟಿಸಲೇಬಾರದಂತೆ. ಮೊದಲ ದಿನ ಕಲಿಸಬೇಕಾದ ಪಾಠ, ಕಲಿಸದೆ ಹೋದೆ ಅಂದರು. "ನಿನ್ನ ಹಾಸಿಗೆ ಕೆಳಗೆ ಅರ್ಧ ಕೇಜಿ ಆಸಿಡ್ಡು ಇದೆ ಅಂತ ನಾನು ಕನಸು ಕಾಣಲಾ?"

ಒಂಬತ್ತಕ್ಕೆ ನೀಲಿ ಚೀಟಿ, ಮೂವತ್ತೆರಡಕ್ಕೆ ನಿನ್ನ ಉಂಡೆ. ಯಾವುದು ಯಾವುದು ಅಂತ ಗುರುತು ಹಾಕಲಿಲ್ಲ. ಎಲ್ಲ ಒಂದೇ ಬುಟ್ಟಿಯಲ್ಲಿತ್ತು.

ಕ್ಯಾಂಪಿನವರ ಹತ್ತಿರ ಇರೋದು ಟೋಕನ್ ನಂಬರು ಮಾತ್ರ. ವಿಳಾಸ ಬರೆದುಕೊಂಡಿಲ್ಲ. ಕೆಲವರ ಫೋನ್ ನಂಬರು ಇದೆ. ನಾನು ಒಂದೊಂದಕ್ಕೂ ಮಾಡಿದೆ. ಎತ್ತುತ್ತಾರೆ, ಹಲೋ ಹಲೋ ಅನ್ನುತ್ತಾರೆ, ಇಟ್ಟುಬಿಡುತ್ತಾರೆ. ಕಿವಿ ಕೇಳದವರಿಗೆ ನಿಮ್ಮ ಕಿವಿ ಸರಿಯಾಗಿದೆ ಅಂತ ಫೋನಿನಲ್ಲಿ ಹೇಗೆ ಹೇಳೋದು?

ಪೆಟ್ಟಿಗೆ ಕಳಿಸು.

ಬುಗುರಿ


ಮೇ 11

ಬುಗುರಿಗೆ,

ನನ್ನದು ಚೆನ್ನಾಗಿದೆ. ಆ ಒಂಬತ್ತರಲ್ಲಿ ಒಂದಿರಬೇಕು. ಚೆನ್ನಾಗಿರೋದನ್ನು ಯಾಕೆ ಬಿಚ್ಚೋದು?

ಮೊನ್ನೆ ಮಳೆ ಬಂತು. ಶೆಡ್ಡಿನ ತಗಡಿನ ಮೇಲೆ ಬಿದ್ದದ್ದು ಚೆನ್ನಾಗಿ ಕೇಳಿಸಿತು. ಅಕ್ಕ ನನ್ನ ಕಿವಿ ಹತ್ತಿರ ಕೂಗೋದನ್ನೇ ಬಿಟ್ಟಿದ್ದಾಳೆ, ಕೂಗೋ ಅಗತ್ಯ ಇಲ್ಲವಲ್ಲ.

ತಂತಿ ವಿಷಯ. ಮೂವತ್ತೊಂದು ವರ್ಷದಲ್ಲಿ ನನ್ನ ಒಂದು ಬೆಸುಗೆಯೂ ಹಸಿರು ಆಗಿಲ್ಲ. ಬಿಳಿ ಪುಡಿಯೂ ಬಂದಿಲ್ಲ. ಆಯಮ್ಮ ಯಾವುದಕ್ಕೂ ಇನ್ನೊಂದು ಸಲ ಮೂಸಿ ನೋಡಲಿ.

ನೀನು ಸರಿಯಾಗಿ ಊಟ ಮಾಡು.

ಅಪ್ಪ


ಮೇ 25

ಅಪ್ಪನಿಗೆ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಒಂದು ಚೂರು ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ. ನಲವತ್ತೊಂದರಲ್ಲಿ ಒಂಬತ್ತು. ಆ ಒಂಬತ್ತರಲ್ಲಿ ಒಂದು ನಿನಗೇ ಬಂದಿರಬಾರದು ಅಂತ ಏನಿದೆ? ನಾನು ಇಷ್ಟು ದಿನಕ್ಕೆ ಅಷ್ಟಾದರೂ ಪುಣ್ಯ ಮಾಡಿರಬಹುದು.

ನಿನ್ನ ಬೆಸುಗೆ ಯಾಕೆ ಹಸಿರು ಆಗಲಿಲ್ಲ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಭೂತಗನ್ನಡಿಯನ್ನು ಕೇಳಿದೆ. "ನಿಮ್ಮಪ್ಪ ಬೆಸುಗೆ ಹಾಕಿದ ಮೇಲೆ ಏನು ಮಾಡ್ತಾರೆ?" ಅಂದರು. ಏನು ಮಾಡ್ತಾನೆ, ಗಾಳಿ ಹೊಡೆದು ತೊಟ್ಟಿಗೆ ಅದ್ದುತ್ತಾನೆ ಅಂದೆ. ಹೇಳುವಾಗಲೇ ನನಗೆ ಹೊಳೆಯಿತು. ಅವರು ಗಾಜನ್ನು ಹಣೆಗೆ ಏರಿಸಿಕೊಂಡು ನನ್ನ ಮುಖ ನೋಡಿದರು.

ನೀನು ಸೋರುತ್ತಾ ಅಂತ ನೋಡೋಕೆ ಅದ್ದುತ್ತಿದ್ದೆ. ಒಂದೊಂದನ್ನೂ ಎರಡು ಸಲ, ಮೂರು ಸಲ. ಆಸಿಡ್ಡು ಆ ನೀರಿಗೆ ಹೋಗುತ್ತಿತ್ತು. ತೊಳೆಯುತ್ತಿದ್ದೇನೆ ಅಂತ ನಿನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ನನಗೆ ಹೇಳಿಕೊಡೋದು ಹೇಗೆ? ನಾನೂ ಹತ್ತು ವರ್ಷ ಆ ತೊಟ್ಟಿ ಪಕ್ಕದಲ್ಲೇ ಬೆಳೆದೆ, ಬೇಸಿಗೆಯಲ್ಲಿ ಅದರಲ್ಲೇ ಕೈಕಾಲು ಅದ್ದಿಕೊಂಡು ಕೂರುತ್ತಿದ್ದೆ, ನನಗೂ ಹೊಳೆಯಲಿಲ್ಲ. ಇಲ್ಲಿ ಬಂದು ನಿನ್ನ ತಂತಿ ಹಾಕಿದೆ, ನಿನ್ನ ತೊಟ್ಟಿ ಇರಲಿಲ್ಲ.

ಹುಡುಕೋದು ನಡೆದಿದೆ. ಕ್ಯಾಂಪು ನಡೆದ ಹಾಲಿನ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ: ಪೆಟ್ಟಿಗೆ ಕೆಟ್ಟಿರುವುದು, ಕಿವಿ ಅಲ್ಲ, ಅಂಗಡಿಗೆ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ, ಆಸ್ಪತ್ರೆ ಗೇಟಿನಲ್ಲಿ, ಕಟಿಂಗ್ ಶಾಪಿನವನ ಕನ್ನಡಿ ಪಕ್ಕದಲ್ಲೂ ಅಂಟಿಸಿದ್ದೇನೆ. ಇವತ್ತಿಗೆ ಆರು ಜನ ಸಿಕ್ಕಿದ್ದಾರೆ. ಆರೂ ಹಸಿರು. ಎರಡನ್ನು ಉಳಿಸಿದೆವು, ನಾಲ್ಕರ ಒಳಗೆ ಉಳಿಸೋಕೆ ಏನೂ ಇರಲಿಲ್ಲ.

ಆ ಚಪ್ಪಲಿ ಸದ್ದಿನ ಅಜ್ಜಿ ಸಿಕ್ಕರು. ಸಿಕ್ಕಿದ್ದೂ ಬೀದಿಯಲ್ಲಿ, ನಾನೇ ನೋಡಿದ್ದು. ಪೆಟ್ಟಿಗೆ ಎಲ್ಲಿ ಅಂತ ಕೈಸನ್ನೆಯಲ್ಲಿ ಕೇಳಿದೆ. ಪೆಟ್ಟಿಗೆಯದು ಏನೂ ತಪ್ಪಿಲ್ಲ ಮಗು ಅಂದರು, ವಯಸ್ಸಾಯಿತು, ಇದ್ದಷ್ಟು ದಿನ ಕೇಳಿಸಿತು, ಸಾಕು. ನಾನು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದು ತೋರಿಸಿದೆ, ತಪ್ಪು ನನ್ನದು ಅಂತ. ಅವರಿಗೆ ಓದೋಕೆ ಬರಲ್ಲ. ನಗುತ್ತ ನನ್ನ ಅಂಗೈ ಮಡಿಸಿ ಹೋದರು. ಹಿಂದೆ ಹೋದೆ, ಸಂದಿಯಲ್ಲಿ ಯಾವ ಮನೆಗೆ ಹೊಕ್ಕರೋ ತಿಳಿಯಲಿಲ್ಲ.

ಜಗಳ ಆಡಲಿಕ್ಕಾದರೂ ಬರಬೇಕಲ್ಲ ಅಪ್ಪ ಜನ. ಯಾರೂ ಬರುತ್ತಿಲ್ಲ. ಎಲ್ಲರೂ ತಮ್ಮ ಕಿವಿ ಸತ್ತಿತು ಅಂತ ಸುಮ್ಮನೆ ಮನೆಯಲ್ಲಿ ಕೂತಿದ್ದಾರೆ.

ನಿನ್ನದು ನಿಜವಾಗಲೂ ಚೆನ್ನಾಗಿದೆಯಾ?

ಬುಗುರಿ


ಜೂನ್ 16

ಲೋ ಬುಗುರಿ,

ಅಕ್ಕ ಬರೆಯುತ್ತಿರೋದು. ಅಪ್ಪ ಶೆಡ್ಡಿನಲ್ಲಿದ್ದಾನೆ. ಹೇಳಬೇಡ ಅಂತ ತನ್ನ ತಲೆ ಮೇಲೆ ನನ್ನ ಕೈ ಇಡಿಸಿಕೊಂಡು ಆಣೆ ಹಾಕಿಸಿದ್ದಾನೆ. ಹೇಳೋದಿಲ್ಲ, ಬರೆಯುತ್ತಿದ್ದೇನೆ.

ಪೆಟ್ಟಿಗೆ ಮಾರ್ಚ್ ಕೊನೆಯಲ್ಲೇ ನಿಂತಿತು. ನಿನ್ನ ಕಾಗದ ಬರೋಕೆ ಒಂದು ತಿಂಗಳು ಮೊದಲೇ. ಒಂದು ದಿನ ಬೆಳಿಗ್ಗೆ ಗುಂಡಿ ತಿರುಗಿಸಿದ, ತಿರುಗಿಸಿದ, ಆಮೇಲೆ ಕೈ ಕೆಳಗೆ ಬಿಟ್ಟ. ಸೆಲ್ಲು ಬದಲಾಯಿಸಿದೆವು, ಏನೂ ಇಲ್ಲ. ಇದ್ದ ಚೂರು ಕಿವಿಯೂ ಹೋಯಿತು ಅಂದ. ನಿನಗೆ ಬರೆಯೋಣ ಅಂದರೆ ಬೇಡ, ಹುಡುಗ ಅಷ್ಟು ಆಸೆಪಟ್ಟು ಕಳಿಸಿದ್ದಾನೆ, ನನ್ನ ಕಿವಿ ಸತ್ತದ್ದಕ್ಕೆ ಅವನ ಕೆಲಸದ ಮೇಲೆ ಯಾಕೆ ಅನುಮಾನ ಬರಬೇಕು ಅಂದ. ಅವತ್ತಿನಿಂದ ಸತ್ತ ಪೆಟ್ಟಿಗೆಯ ತಂತಿಯನ್ನು ದಿನಾ ಕಿವಿಗೆ ಸಿಕ್ಕಿಸಿಕೊಂಡೇ ಕೆಲಸಕ್ಕೆ ಕೂರುತ್ತಾನೆ. ಡ್ರೈವರುಗಳು ಮಾತಾಡಿಸಿದರೆ ತಲೆ ಆಡಿಸುತ್ತಾನೆ. ನಾನು ತಗಡಿನ ಚೂರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ. ಕೂಗೋದನ್ನು ಬಿಟ್ಟಿದ್ದು ಅದಕ್ಕೆ. ಮಳೆ ಬಂದದ್ದು ನಿಜ. ಅವನು ಕಿಟಕಿಯಲ್ಲಿ ನೋಡಿದ.

ನಿನ್ನ ಏಪ್ರಿಲ್ ಕಾಗದ ಬಂದ ದಿನ ಅದನ್ನು ಮೂರು ಸಲ ಓದಿದ. ಕಿವಿ ಅಲ್ಲ, ಪೆಟ್ಟಿಗೆ ಅಂತ ಗೊತ್ತಾಗಿ ಖುಷಿಪಡುತ್ತಾನೆ ಅಂದುಕೊಂಡೆ. ಖುಷಿ ಆಯಿತು, ಆದರೆ ಉಂಡೆಯ ವಿಷಯ ಓದಿದ ಮೇಲೆ ಮುಖ ಇಳಿಯಿತು. ಮಾರನೇ ದಿನ ಶೆಡ್ಡಿನ ಬಾಗಿಲು ಹಾಕಿಕೊಂಡು ತಾನೇ ಬಿಚ್ಚಿದ. ಒಲೆಯಲ್ಲಿ ಕಾಯಿಸೋ ಆ ದಪ್ಪ ತಾಮ್ರದ ಮೂತಿ ಇದೆಯಲ್ಲ, ಅದರಲ್ಲಿ ಬೆಸುಗೆ ಹಾಕಿದ. ಅದೇ ತಂತಿ, ಅವನ ಹತ್ತಿರ ಇನ್ನೇನಿದೆ? ಹಾಕಿ, ಆರಿಸಿ, ಅಭ್ಯಾಸ ನೋಡು, ಪೆಟ್ಟಿಗೆಯನ್ನು ತೊಟ್ಟಿಗೆ ಅದ್ದಿಬಿಟ್ಟ. ಅದ್ದಿದ ಮೇಲೆ ನೆನಪಾಯಿತು ಅದು ರೇಡಿಯೇಟರ್ ಅಲ್ಲ ಅಂತ. ನಾನು ಒಳಗೆ ಬಂದಾಗ ತೊಟ್ಟಿಯಲ್ಲಿ ಮೊಳಕೈವರೆಗೂ ಕೈ ಇಟ್ಟುಕೊಂಡು ನಿಂತಿದ್ದ. ಎತ್ತಲೇ ಇಲ್ಲ ಸುಮಾರು ಹೊತ್ತು.

ಆಮೇಲೆ ಎರಡು ರೇಡಿಯೇಟರು ವಾಪಸು ಬಂದವು, ಸೋರುತ್ತೆ ಅಂತ. ಸೂಜಿ ಮೊನೆ ತೂತು. ಡ್ರೈವರು ಬಾಯಿಗೆ ಬಂದ ಹಾಗೆ ಬೈದ. ಅಪ್ಪ ನಗುತ್ತ ತಲೆ ಆಡಿಸಿದ. ಏನು ಬೈದ ಅಂತ ನಾನು ತಗಡಿನ ಮೇಲೆ ಬರೆಯಲಿಲ್ಲ.

ಪೆಟ್ಟಿಗೆ ಇದರ ಜೊತೆ ಕಳಿಸಿದ್ದೇನೆ. ಅವನು ಸ್ನಾನಕ್ಕೆ ಹೋದಾಗ ಜೇಬಿನಿಂದ ತೆಗೆದುಕೊಂಡೆ. ಅದೇ ತೂಕ ಬರೋ ಹಾಗೆ ಒಂದು ಬೆಂಕಿಪೊಟ್ಟಣದಲ್ಲಿ ನಾಲ್ಕು ನಟ್ಟು ತುಂಬಿ, ತಂತಿಯ ತುದಿಯನ್ನು ಅದಕ್ಕೆ ಸಿಕ್ಕಿಸಿ ಇಟ್ಟಿದ್ದೇನೆ. ಅವನು ಮುಟ್ಟಿ ನೋಡಲ್ಲ, ಸುಮ್ಮನೆ ಜೇಬಿನಲ್ಲಿ ಇರಬೇಕು ಅಷ್ಟೇ. ಬೇಗ ಸರಿಮಾಡಿ ಕಳಿಸು. ನಾನು ಗೊತ್ತಾಗದ ಹಾಗೆ ಬದಲಾಯಿಸುತ್ತೇನೆ.

ಅಕ್ಕ


ಜುಲೈ 2

ಅಕ್ಕನಿಗೆ,

ಆಗಲಿಲ್ಲ.

ಒಂದು ವಾರ ನೋಡಿದೆವು. ಯಜಮಾನರು, ಭೂತಗನ್ನಡಿ, ನಾನು, ಮೂವರೂ. ನೀರು ಮೈಕಿನ ಒಳಗೆ ಹೋಗಿದೆ. ನಾನು ಹಾಕಿದ್ದ ಆರು ಬೆಸುಗೆಯೂ ಹಸಿರು. ಒಂದರ ಕೆಳಗಿನ ತಾಮ್ರದ ಗೆರೆಯೇ ಇಲ್ಲ, ತಿಂದು ಹಾಕಿದೆ. ಈ ಥರದ್ದು ಈಗ ಯಾರೂ ಮಾಡೋದಿಲ್ಲವಂತೆ, ಹಾಗಾಗಿ ಒಳಗಿನ ಸಾಮಾನೂ ಸಿಗಲ್ಲ. ಕ್ಯಾಂಪಿನವರ ಹತ್ತಿರ ಹೋಗಿ ಕೇಳಿದೆ. ಮುಂದಿನ ಕ್ಯಾಂಪು ಯಾವಾಗ ಅಂತ ಅವರಿಗೇ ಗೊತ್ತಿಲ್ಲ. ಹೆಸರು ಬರೆಸಿ ಬಂದಿದ್ದೇನೆ, ನೂರ ಎಪ್ಪತ್ತು ಜನರ ಕೆಳಗೆ.

ಅಪ್ಪನ ಬೆಸುಗೆ ನೋಡಿದೆ. ನೆಲಗಡಲೆ ಗಾತ್ರದ್ದು. ಪೆಟ್ಟಿಗೆಯ ಒಳಗೆ ಲಾರಿ ನಿಲ್ಲಿಸಿದ ಹಾಗಿದೆ. ಭೂತಗನ್ನಡಿ ಅದನ್ನು ಗಾಜಿನಲ್ಲಿ ನೋಡಿದರು, ಆಮೇಲೆ ನನಗೂ ಗಾಜು ಕೊಟ್ಟರು. ಅದರ ಮೇಲೆ ಹಸಿರು ಇಲ್ಲ ಅಕ್ಕ. ಪುಡಿ ಇಲ್ಲ. ಸುತ್ತಲಿನ ಎಲ್ಲವೂ ಕೊಳೆತು, ಅದೊಂದು ಹೊಳೆಯುತ್ತ ಕೂತಿದೆ. ಹಾಕಿದ ತಕ್ಷಣ ತೊಳೆದಿರೋದು ಅದೊಂದನ್ನೇ. "ಇದು ಇನ್ನೂ ಮೂವತ್ತು ವರ್ಷ ಹೀಗೇ ಇರುತ್ತೆ" ಅಂದರು ಅವರು.

ಅದನ್ನು ಎಸೆಯಲಿಲ್ಲ. ನನ್ನ ಮೇಜಿನ ಮೇಲಿದೆ.

ಮೂವತ್ತೆರಡರಲ್ಲಿ ಹನ್ನೊಂದು ಸಿಕ್ಕಿವೆ. ಅಪ್ಪನದು ಹನ್ನೆರಡು. ಇನ್ನೂ ಇಪ್ಪತ್ತು. ಚೀಟಿಗಳು ಮಳೆಗೆ ಹರಿದವು, ಮತ್ತೆ ಅಂಟಿಸಿದೆ. ಭಾನುವಾರ ಬೀದಿ ಬೀದಿ ಸುತ್ತುತ್ತೇನೆ, ಯಾರ ಅಂಗಿ ಜೇಬಿನಿಂದ ಕಿವಿಗೆ ತಂತಿ ಹೋಗಿದೆ ಅಂತ ನೋಡುತ್ತ. ತಂತಿ ಕಂಡರೆ ಹಾಡು ಕೇಳೋ ಹುಡುಗರು ಇರುತ್ತಾರೆ. ಈಗ ನೀಲಿ ಚೀಟಿ ಹಾಕುವಾಗ ನಾಲ್ಕು ಎಣಿಸುತ್ತೇನೆ. ಕೆಲವು ಸಲ ಐದೂ. ಕೈ ಕೂತಿದೆ. ಈಗ ಕೂತು ಏನು ಬಂತು?

ಊರಿಗೆ ಬಾ ಅಂತ ಬರೆಯಬೇಡ. ಬಂದರೆ ನಾನು ಅವನ ಎದುರು ಕೂತು ಮಾತಾಡಬೇಕು, ಅವನು ಕೇಳಿಸಿದ ಹಾಗೆ ತಲೆ ಆಡಿಸಬೇಕು. ಅದನ್ನು ಹೇಗೆ ನೋಡಲಿ? ಗೊತ್ತಿದೆ ಅಂತ ಹೇಳಿದರೆ ಅವನ ಇಷ್ಟು ತಿಂಗಳಿನ ಕಷ್ಟವೆಲ್ಲ ದಂಡ. ಹೇಳದೆ ಇದ್ದರೆ ನಾನು ಎಷ್ಟು ಹೊತ್ತು ತಡೆಯುತ್ತೇನೆ ಅಂತ ನಿನಗೆ ಗೊತ್ತು.

ಸದ್ಯಕ್ಕೆ ಬೆಂಕಿಪೊಟ್ಟಣ ಅಲ್ಲೇ ಇರಲಿ. ಅವನಿಗೆ ಗೊತ್ತಾಗದ ಹಾಗೆ ನೋಡಿಕೋ.

ತಮ್ಮ


ಜುಲೈ 19

ಬುಗುರಿಗೆ,

ಬಹಳ ದಿನ ಆಯಿತು ನಿನ್ನ ಕಾಗದ ಬಂದು. ನನ್ನದು ಚೆನ್ನಾಗಿದೆಯಾ ಅಂತ ಕೇಳಿದ್ದೆ. ಉತ್ತರ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಕೈ ನೋಯಲಿ.

ನೀನು ಬರೆದದ್ದು ಸರಿ. ತೊಟ್ಟಿ ನೀರು ಬದಲಾಯಿಸುವಾಗ ತಳದಲ್ಲಿ ನೋಡಿದೆ. ಹಸಿರು ಗಸಿ, ಎರಡು ಬೆರಳು ದಪ್ಪ. ಪಾಚಿ ಅಂದುಕೊಂಡು ಮೂವತ್ತೊಂದು ವರ್ಷ ಗುಡಿಸಿ ಹಾಕಿದ್ದೇನೆ. ಆ ತಂತಿ ನೀರು ಇರೋ ಕಡೆ ಇರಬೇಕಾಗಿದ್ದದ್ದು. ನಿನ್ನ ಬ್ಯಾಗಿಗೆ ಇಡಬಾರದಿತ್ತು. ಇಟ್ಟವನು ನಾನು. ನೀನು ಬೀದಿಯಲ್ಲಿ ಅಂಗೈ ಮೇಲೆ ಬರೆದು ತೋರಿಸಿದ್ದು ಪೂರ್ತಿ ನಿಜವಲ್ಲ.

ಆ ಉಳಿದ ಜನರನ್ನು ಹುಡುಕೋದನ್ನು ಬಿಡಬೇಡ. ಚೀಟಿ ನೋಡಿ ಅವರು ಬರಲ್ಲ. ಮಾರ್ಚಿನಲ್ಲಿ ನಾನು ಹೇಗೆ ಕೂತಿದ್ದೆನೋ ಅವರೂ ಹಾಗೇ ಕೂತಿರುತ್ತಾರೆ. ತಂತಿ ಕಿವಿಯಲ್ಲೇ ಇರುತ್ತೆ, ತೆಗೆದರೆ ಮನೆಯವರು ಕೇಳುತ್ತಾರೆ ಅಂತ. ಕಿವಿಯನ್ನು ನೋಡಬೇಡ. ಮಾತಿಗೆ ಮೊದಲೇ ತಲೆ ಆಡಿಸುವವರನ್ನು ನೋಡು.

ನನ್ನ ಜೇಬಿನಲ್ಲಿ ಇರೋದು ಬೆಂಕಿಪೊಟ್ಟಣ ಅಂತ ನನಗೆ ಗೊತ್ತು. ನಟ್ಟಿನ ತೂಕ ನನಗೆ ಗೊತ್ತಾಗದೆ ಇರುತ್ತಾ? ನಾಲ್ಕಿವೆ, ಒಂದು ಹಿತ್ತಾಳೆಯದು. ಅಕ್ಕ ದಿನಾ ಬೆಳಿಗ್ಗೆ ತಂತಿ ಸರಿಯಾಗಿ ಸಿಕ್ಕಿದೆಯಾ ಅಂತ ನೋಡಿ, ನನ್ನ ಜೇಬು ತಟ್ಟಿ, ಏನೋ ಹೇಳುತ್ತಾಳೆ. ನಾನು ತಲೆ ಆಡಿಸುತ್ತೇನೆ. ಅವಳಿಗೆ ಹೇಳಬೇಡ.

ಅಪ್ಪ